ಅಡುಗೆಮನೆಯೋ, ಕೈತೋಟವೋ, ಮರಗೆಲಸವೋ: ಸಣ್ಣ ಶಾಲೆಗೆ ಒಪ್ಪುವ ಕೈಕೆಲಸ ಆರಿಸುವುದು ಹೇಗೆ?

ಆರರಿಂದ ಎಂಟನೇ ತರಗತಿವರೆಗಿನ, ನಲವತ್ತು ಐವತ್ತು ಮಕ್ಕಳ ಸ್ವತಂತ್ರ ಶಾಲೆ ನಡೆಸುವವರಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯಬೇಕೆಂಬ ಬಗ್ಗೆ ತಕರಾರಿರುವುದಿಲ್ಲ. ಯಾವ ಕೆಲಸ ಎಂಬಲ್ಲಿ ಗೊಂದಲ ಶುರುವಾಗುತ್ತದೆ. ಜೂನ್ ತಿಂಗಳ ಉತ್ಸಾಹದಲ್ಲಿ ತೋಟ, ಮರಗೆಲಸ, ಹೊಲಿಗೆ, ಅಡುಗೆ ಎಲ್ಲಕ್ಕೂ ವಾರಕ್ಕೊಂದು ಪೀರಿಯಡ್ ಹಂಚಿಬಿಟ್ಟರೆ ಗಣೇಶನ ಹಬ್ಬದ ಹೊತ್ತಿಗೆ ಪಾತಿ ತುಂಬ ಕಳೆ, ಉಳಿಗಳಿಗೆ ತುಕ್ಕು, ಕಪಾಟಿನಲ್ಲಿ ಅರ್ಧ ಹೊಲಿದ ಚೀಲ. ಆಮೇಲೆ ಜನವರಿಯ ವಸ್ತುಪ್ರದರ್ಶನಕ್ಕೆಂದು ಟೀಚರುಗಳೇ ರಾತ್ರಿ ಕೂತು ಮುಗಿಸುವ ಪಾಡು.

ಆಯ್ಕೆಗೆ ಒಂದು ಪ್ರಶ್ನೆ ಮುಂದಿಟ್ಟುಕೊಳ್ಳಿ: ಈ ಕೆಲಸ ಒಂದು ವಾರ ನಿಂತರೆ ಶಾಲೆಯಲ್ಲಿ ಯಾರಿಗಾದರೂ ತೊಂದರೆಯಾಗುತ್ತದೆಯೇ? ಅಡುಗೆ ನಿಂತರೆ ಎಲ್ಲರೂ ಹಸಿದು ಕೂರುತ್ತಾರೆ. ತೋಟ ನಿಂತರೆ ಸಾರಿಗೆ ಸೊಪ್ಪಿಲ್ಲ. ಐಸ್‌ಕ್ರೀಂ ಕಡ್ಡಿಯ ಪೆನ್‌ಸ್ಟ್ಯಾಂಡ್ ನಿಂತರೆ ಯಾರಿಗೂ ಏನೂ ಆಗುವುದಿಲ್ಲ. ಮಕ್ಕಳಿಗೆ ಈ ವ್ಯತ್ಯಾಸ ನಮಗಿಂತ ಬೇಗ ಗೊತ್ತಾಗುತ್ತದೆ. ತಾವು ಮಾಡಿದ್ದನ್ನು ಇನ್ನೊಬ್ಬರು ಉಣ್ಣುತ್ತಾರೆ, ಅದರ ಮೇಲೆ ಕೂರುತ್ತಾರೆ, ಹೊದ್ದುಕೊಳ್ಳುತ್ತಾರೆ ಎಂದಾಗ ಅಳತೆ ತಾನಾಗಿ ನೇರವಾಗುತ್ತದೆ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ (ಹೊಸ ಶಿಕ್ಷಣ) ಯೋಚನೆ ಮುಂದಿಟ್ಟಾಗ, ಆಮೇಲೆ ಜಾಕಿರ್ ಹುಸೇನ್ ಸಮಿತಿ ಅದಕ್ಕೆ ರೂಪ ಕೊಟ್ಟಾಗ, ಉತ್ಪಾದಕ ಕಸುಬು ಪಾಠದ ನಡುವೆಯೇ ಇರಬೇಕೆಂಬುದು ಮುಖ್ಯ ಮಾತಾಗಿತ್ತು. ಮಕ್ಕಳ ದುಡಿಮೆಯ ಮಾರಾಟದಿಂದ ಶಾಲೆಯ ಖರ್ಚು ಹುಟ್ಟಬೇಕೆಂಬ ಭಾಗ ಅಂದೇ ಚರ್ಚೆಗೆ ಬಿತ್ತು. ಇಂದಿನ ಸಣ್ಣ ಶಾಲೆಗೆ ಅದು ಬೇಡ. ಮಾಡಿದ್ದು ಶಾಲೆಯೊಳಗೇ ಬಳಕೆಯಾದರೆ ಸಾಕು.

ಸಮಯದ ಲೆಕ್ಕ ಮೊದಲು ಮಾಡಿಬಿಡಿ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ಕೆಲಸದ ದಿನ, 1000 ಬೋಧನಾ ಗಂಟೆ ಬೇಕು. ವಾರಕ್ಕೆ ಎರಡು ಮಧ್ಯಾಹ್ನ, ತಲಾ 90 ನಿಮಿಷ ಕೈಕೆಲಸಕ್ಕೆ ಕೊಟ್ಟರೆ 36 ವಾರಕ್ಕೆ 108 ಗಂಟೆ, ಅಂದರೆ ಹತ್ತರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು. ಅದರಲ್ಲಿ ಗಣಿತ, ವಿಜ್ಞಾನದ ಪಾಠವೂ ಸೇರಿಕೊಳ್ಳುವುದರಿಂದ ಇದು ನಷ್ಟವಲ್ಲ. 40 ನಿಮಿಷದ ಪೀರಿಯಡ್‌ನಲ್ಲಿ ಮಾತ್ರ ಯಾವ ಕೈಕೆಲಸಕ್ಕೂ ಕೈ ಹಾಕಬೇಡಿ: ಸಾಮಾನು ತೆಗೆಯಲು 10 ನಿಮಿಷ, ಒರೆಸಿ ಇಡಲು 10 ನಿಮಿಷ ಹೋದರೆ ಕೈಗೆ ಕೆಲಸ ಹತ್ತುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುವ ಹತ್ತು ಬ್ಯಾಗ್‌ರಹಿತ ದಿನಗಳನ್ನು ಬಡಗಿ, ನೇಕಾರ, ನರ್ಸರಿಯವರ ಬಳಿ ಹೋಗಿ ನೋಡಲು ಇಟ್ಟುಕೊಳ್ಳಿ. ಆ ಹತ್ತೇ ದಿನದಲ್ಲಿ ಕಸುಬು ಕಲಿಯುತ್ತಾರೆಂದು ಯಾರೂ ನಂಬಬಾರದು.

ಅವಸರದಲ್ಲಿರುವವರಿಗೆ ನಮ್ಮ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇವೆ. ಮಧ್ಯಾಹ್ನದ ಊಟ ಶಾಲೆಯಲ್ಲೇ ತಯಾರಾಗುವುದಾದರೆ ಮೊದಲ ವರ್ಷ ಅಡುಗೆಮನೆ. ಅರ್ಧ ಗುಂಟೆ ಜಾಗವೂ ಮಾರ್ಚ್‌ವರೆಗೆ ನೀರೂ ಇದ್ದರೆ ಜೊತೆಗೆ ತೋಟ. ಮರಗೆಲಸ ಎರಡನೇ ವರ್ಷಕ್ಕಿರಲಿ, ಅದೂ ಕಸುಬು ಬಲ್ಲ ಒಬ್ಬರು ವಾರಕ್ಕೆ ಎರಡು ದಿನ ಖಂಡಿತ ಬರುವುದಾದರೆ. ನಗರದ ಬಾಡಿಗೆ ಮನೆಯಲ್ಲಿ ಅಂಗಳವೂ ಇಲ್ಲ, ಅಡುಗೆಯೂ ಇಲ್ಲ ಎಂದಾದರೆ ಕೌದಿ (ಹಳೆಯ ಬಟ್ಟೆಯ ಪದರ ಸೇರಿಸಿ ಹೊಲಿದ ಹೊದಿಕೆ) ಮತ್ತು ಸೈಕಲ್ ರಿಪೇರಿ.

ಅಡುಗೆಮನೆ

ನಲವತ್ತೈದು ಮಕ್ಕಳು, ಐದಾರು ದೊಡ್ಡವರು ಎಂದರೆ ಐವತ್ತು ಎಲೆಯ ಊಟ. ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಆರರಿಂದ ಎಂಟನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ ಎಂಬ ಪ್ರಮಾಣವಿದೆ. ಖಾಸಗಿ ಶಾಲೆಗೆ ಇದು ಕಡ್ಡಾಯವಲ್ಲದಿದ್ದರೂ ಲೆಕ್ಕಕ್ಕೆ ಒಳ್ಳೆಯ ಬುನಾದಿ. ಐವತ್ತು ಜನಕ್ಕೆ ಅಕ್ಕಿ 7.5 ಕಿಲೋ, ಬೇಳೆ 1.5 ಕಿಲೋ, ತರಕಾರಿ 3.75 ಕಿಲೋ. ಆರನೇ ತರಗತಿಯ ಮಕ್ಕಳೇ ಹೆಚ್ಚಿರುವ ಶಾಲೆಯಲ್ಲಿ ಅಷ್ಟು ಅನ್ನ ಮಿಕ್ಕುತ್ತದೆ. 6 ಕಿಲೋದಿಂದ ಶುರು ಮಾಡಿ, ಎರಡು ವಾರ ಉಳಿದ ಅನ್ನವನ್ನು ಪ್ರತಿದಿನ ತೂಗಿ ಬರೆದಿಡಿ. ಏಳನೇ ತರಗತಿಯವರು ಅದನ್ನು ಗ್ರಾಫ್ ಹಾಕಲಿ. ಸರಾಸರಿ ಎಂದರೇನು, ಒಂದು ದಿನ ಎಲ್ಲರೂ ಮುದ್ದೆ ತಿಂದಾಗ ಆ ಸರಾಸರಿ ಹೇಗೆ ಎಳೆದಾಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಲೆಕ್ಕ ಪುಸ್ತಕದಲ್ಲಿಲ್ಲ.

ಅಡುಗೆ ಪೂರ್ತಿ ಮಕ್ಕಳದೇ ಆಗಬಾರದು. ಸಂಬಳದ ಅಡುಗೆಯವರೊಬ್ಬರು ಮುಖ್ಯಸ್ಥರು. ಆ ಹೊತ್ತು ಅವರೇ ಮೇಷ್ಟ್ರು, ಟೀಚರ್ ಅವರ ಕೈಕೆಳಗೆ. ದಿನಕ್ಕೆ ಆರು ಮಕ್ಕಳ ಗುಂಪು ಎಂದರೆ ಪ್ರತಿ ಮಗುವಿನ ಸರದಿ ಎಂಟನೇ ದಿನಕ್ಕೊಮ್ಮೆ, ವರ್ಷಕ್ಕೆ ಸುಮಾರು 27 ಸಲ. ಇಬ್ಬರು ತರಕಾರಿಗೆ, ಇಬ್ಬರು ಕೋಸಂಬರಿ ಮತ್ತು ಮಜ್ಜಿಗೆಗೆ, ಒಬ್ಬರು ಅಳೆದು ಕೊಡಲು, ಒಬ್ಬರು ದಿನದ ಲೆಕ್ಕ ಬರೆಯಲು. ಯಾವ ಮಗು ಯಾವ ಕೆಲಸ ಎಂಬ ಪಟ್ಟಿ ಗೋಡೆಯ ಮೇಲಿರಲಿ. ಪಟ್ಟಿ ಇಲ್ಲದಿದ್ದರೆ ಎರಡೇ ವಾರದಲ್ಲಿ ಹುಡುಗಿಯರು ಹೆಚ್ಚಲು, ಹುಡುಗರು ನೀರು ಹೊರಲು ಎಂದು ತಾನಾಗಿ ಹಂಚಿಕೆಯಾಗಿಬಿಡುತ್ತದೆ. ಯಾರೂ ಹೇಳಿರುವುದಿಲ್ಲ, ಮನೆಯಲ್ಲಿ ನೋಡಿದ್ದನ್ನೇ ಇಲ್ಲಿ ಮಾಡುತ್ತಾರೆ.

ಶುರುವಿಗೆ ಕೋಸಂಬರಿಯೇ ಸರಿ, ಬೆಂಕಿಯ ಹಂಗಿಲ್ಲ. ಐವತ್ತು ಜನಕ್ಕೆ 750 ಗ್ರಾಂ ಹೆಸರುಬೇಳೆ, ಒಂದೂವರೆ ಕಿಲೋ ಸೌತೆಕಾಯಿ, ಎರಡು ತೆಂಗಿನಕಾಯಿಯ ತುರಿ, ನಾಲ್ಕೈದು ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು, ಹಸಿಮೆಣಸು. ಬೇಳೆ ಒಂದು ಗಂಟೆ ನೆಂದರೆ ಸಾಕು. ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ನೆನೆಸಿ ಮರೆತರೆ ಊಟದ ಹೊತ್ತಿಗೆ ಮೆತ್ತಗಾಗಿಬಿಡುತ್ತದೆ. ಹೆಚ್ಚಿನವರು ತಪ್ಪುವುದು ಉಪ್ಪಿನಲ್ಲಿ. ಹನ್ನೊಂದಕ್ಕೇ ಉಪ್ಪು ಬೆರೆಸಿದರೆ ಸೌತೆಕಾಯಿ ನೀರು ಬಿಟ್ಟು, ಒಂದು ಗಂಟೆಗೆ ಪಾತ್ರೆಯ ತಳದಲ್ಲಿ ಬೇಳೆ ತೇಲುತ್ತಿರುತ್ತದೆ. ಎಲೆ ಹಾಕಿದ ಮೇಲೆ ಉಪ್ಪು, ನಿಂಬೆರಸ. ಒಂದು ಬಟ್ಟಲಿಗೆ ಉಪ್ಪು ಹಾಕಿ, ಇನ್ನೊಂದಕ್ಕೆ ಹಾಕದೆ ಅರ್ಧ ಗಂಟೆ ಪಕ್ಕಪಕ್ಕ ಇಟ್ಟು ನೋಡಿದ ಮಗುವಿಗೆ ಪರಾಸರಣದ (ಆಸ್ಮಾಸಿಸ್) ಪಾಠ ಆಗಲೇ ಅರ್ಧ ಮುಗಿದಿರುತ್ತದೆ.

ಕತ್ತರಿಸಲು ಚಾಕುವೋ ಈಳಿಗೆಮಣೆಯೋ ಎಂಬ ಚರ್ಚೆ ಪ್ರತಿ ಶಾಲೆಯಲ್ಲೂ ಏಳುತ್ತದೆ. ಈಳಿಗೆಮಣೆಯಲ್ಲಿ ಎರಡೂ ಕೈ ತರಕಾರಿಯ ಮೇಲಿರುವುದರಿಂದ ಹಿಡಿತ ಚೆನ್ನ, ಕುಂಬಳಕಾಯಿಯಂಥದ್ದಕ್ಕೆ ಅದೇ ವಾಸಿ. ಆದರೆ ನೆಲದ ಮಟ್ಟದಲ್ಲಿ ಅಲಗು ತೆರೆದಿರುವಾಗ ಪಕ್ಕದಲ್ಲಿ ಯಾರೋ ಎದ್ದು ನಡೆದರೆ ಅಪಾಯ. ಆರು, ಏಳನೇ ತರಗತಿಗೆ ನಾಲ್ಕಿಂಚಿನ ಚಾಕು, ಹಲಗೆ, ಹಲಗೆಯಡಿ ಒದ್ದೆ ಬಟ್ಟೆ (ಜಾರದಂತೆ). ಈಳಿಗೆಮಣೆ ಎಂಟನೇ ತರಗತಿಗೆ, ಅದೂ ಗೋಡೆಗೆ ಮುಖ ಮಾಡಿ ಕೂರುವ ಜಾಗದಲ್ಲಿ. ಮೊಂಡು ಚಾಕು ಹರಿತದ್ದಕ್ಕಿಂತ ಹೆಚ್ಚು ಗಾಯ ಮಾಡುತ್ತದೆ, ಒತ್ತಿದಷ್ಟೂ ಜಾರುತ್ತದೆ. ವಾರಕ್ಕೊಮ್ಮೆ ಸಾಣೆ ಹಿಡಿಸಿ.

ಊಟ ತಡವಾಗಲು ಕಾರಣ ಬಹುಪಾಲು ಒಲೆ. ಮನೆಯ ಗ್ಯಾಸ್ ಒಲೆಯಲ್ಲಿ 6 ಕಿಲೋ ಅಕ್ಕಿಗೆ ಬೇಕಾದ ನೀರು ಕುದಿಯಲು ಮುಕ್ಕಾಲು ಗಂಟೆ ಹತ್ತಿರ ಬೇಕು. ದೊಡ್ಡ ಬರ್ನರ್ ಕೊಳ್ಳಿ, ಇಲ್ಲವೇ ಎರಡು ಪಾತ್ರೆಯಲ್ಲಿ ಪಾಲು ಮಾಡಿ ಎರಡು ಒಲೆಯ ಮೇಲಿಡಿ. ದೊಡ್ಡ ಪಾತ್ರೆಯಲ್ಲಿ ಅಕ್ಕಿಯ ಪ್ರಮಾಣಕ್ಕೆ ಹೋಲಿಸಿದರೆ ಆವಿಯಾಗುವ ನೀರು ಕಡಿಮೆ. ಆದ್ದರಿಂದ ಮನೆಯ ಅಳತೆಯನ್ನು ಹಾಗೇ ಗುಣಿಸಿದರೆ ಅನ್ನ ಮುದ್ದೆಯಾಗುತ್ತದೆ. ಸಿಲಿಂಡರ್ ಗೋಡೆಯಾಚೆ ಇರಲಿ. ಒಲೆಯಿಂದ ಮೂರಡಿ ದೂರಕ್ಕೆ ನೆಲದ ಮೇಲೆ ಬಣ್ಣದ ಗೆರೆ ಎಳೆದು, ಎಂಟನೇ ತರಗತಿಗಿಂತ ಚಿಕ್ಕವರು ಅದನ್ನು ದಾಟಬಾರದೆಂದು ನಿಯಮ ಮಾಡಿ. ಕುದಿವ ಸಾಂಬಾರಿನ ಪಾತ್ರೆಯನ್ನು ದೊಡ್ಡವರೇ ಎತ್ತಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಸುಟ್ಟರೆ ಹರಿಯುವ ನಲ್ಲಿ ನೀರಿನಡಿ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ಐಸು ಬೇಡ. ಶಾಲೆಯೇ ಅಡುಗೆ ಮಾಡಿ ಬಡಿಸುವುದಾದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯನ್ನೂ ಮಾಡಿಸಿಕೊಳ್ಳಿ.

ಇನ್ನೊಂದು ಮಾತು, ಹಲವರು ಹೇಳಲು ಹಿಂಜರಿಯುವಂಥದ್ದು. ಅಡುಗೆಮನೆ ತೆರೆದ ದಿನವೇ ಜಾತಿಯ ಪ್ರಶ್ನೆ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಯಾರು ಬೇಯಿಸಿದ್ದು, ಯಾರು ಬಡಿಸುವುದು, ಯಾರ ಪಕ್ಕ ಯಾರು ಎಂದು ಪೋಷಕರು ನೇರವಾಗಿ ಕೇಳದಿದ್ದರೂ ಡಬ್ಬಿ ಕಟ್ಟಿ ಕಳಿಸಲು ಶುರು ಮಾಡುತ್ತಾರೆ. ಎಲ್ಲ ಮಕ್ಕಳೂ ಬೇಯಿಸುತ್ತಾರೆ, ಎಲ್ಲರೂ ಬಡಿಸುತ್ತಾರೆ, ಎಲ್ಲರಿಗೂ ಒಂದೇ ಪಂಕ್ತಿ ಎಂದು ದಾಖಲಾತಿಗೆ ಮುಂಚೆಯೇ ಬರೆದು ಕೊಡಿ. ಮೊಟ್ಟೆ, ಮಾಂಸದ ವಿಷಯವನ್ನೂ ಆಗಲೇ ತೀರ್ಮಾನಿಸಿ. ವರ್ಷದ ನಡುವೆ ಎತ್ತಿದರೆ ಅದು ಮಕ್ಕಳ ಜಗಳವಾಗುತ್ತದೆ, ಮಕ್ಕಳು ಅದಕ್ಕೆ ಹೊಣೆಯಲ್ಲ.

ಕೈತೋಟ

ಅಡುಗೆಮನೆಗೆ ಹೋಲಿಸಿದರೆ ತೋಟ ಅಗ್ಗ, ಅಪಾಯವೂ ಕಡಿಮೆ. ಆದರೆ ಫಲ ನಿಧಾನ, ಶಾಲೆಯ ರಜೆಗಳೊಂದಿಗೆ ಸದಾ ಜಗಳ. ಎಷ್ಟೋ ಶಾಲೆಗಳ ತೋಟ ಸೋಲುವುದು ಗೊಬ್ಬರದ ಕೊರತೆಯಿಂದಲ್ಲ, ಕ್ಯಾಲೆಂಡರ್ ನೋಡದೆ ಬಿತ್ತಿದ್ದರಿಂದ.

ಪಾತಿ 3 ಅಡಿ ಅಗಲ, 10 ಅಡಿ ಉದ್ದ. ದೊಡ್ಡವರ ತೋಟದ 4 ಅಡಿ ಅಗಲ ಹನ್ನೊಂದು ವರ್ಷದ ಮಗುವಿನ ಕೈಗೆಟಕುವುದಿಲ್ಲ, ಎಟಕದಿದ್ದಾಗ ಪಾತಿಯೊಳಗೇ ಕಾಲಿಡುತ್ತಾರೆ, ಮಣ್ಣು ಗಟ್ಟಿಯಾಗುತ್ತದೆ. ನಡುವೆ ಒಂದೂವರೆ ಅಡಿ ದಾರಿ. ಹೀಗೆ ಹತ್ತು ಪಾತಿ ಅರ್ಧ ಗುಂಟೆಯಲ್ಲಿ ಕೂರುತ್ತವೆ. ಮಲೆನಾಡು, ಕರಾವಳಿಯಲ್ಲಿ ಜೂನ್, ಜುಲೈಗೆ ಪಾತಿ ಒಂದಡಿ ಎತ್ತರವಿರಬೇಕು, ಇಲ್ಲದಿದ್ದರೆ ಬೀಜ ಕೊಳೆಯುತ್ತದೆ. ಬಯಲುಸೀಮೆಯಲ್ಲಿ ಪಾತಿ ನೆಲದ ಮಟ್ಟಕ್ಕೋ ಸ್ವಲ್ಪ ತಗ್ಗಿಗೋ ಇದ್ದರೆ ನೀರು ನಿಲ್ಲುತ್ತದೆ. ಒಣ ದಿನಗಳಲ್ಲಿ ಚದರ ಮೀಟರಿಗೆ ದಿನಕ್ಕೆ 4ರಿಂದ 5 ಲೀಟರ್ ಎಂದುಕೊಂಡರೆ ಹತ್ತು ಪಾತಿಗೆ 130 ಲೀಟರ್ ಆಸುಪಾಸು, ಹತ್ತು ಲೀಟರಿನ ಹೂಜಿಯಲ್ಲಿ ಹದಿಮೂರು ಸಲ. ಈ ನೀರು ಫೆಬ್ರುವರಿಯಲ್ಲೂ ಸಿಗುತ್ತದೆಯೇ ಎಂದು ಜೂನ್‌ನಲ್ಲೇ ಕೇಳಿಕೊಳ್ಳಿ.

ಬೆಳೆಯ ದಿನ ಎಣಿಸಿ ಬಿತ್ತುವುದು ಹೀಗೆ. ಮೆಂತ್ಯ 25ರಿಂದ 30 ದಿನ, ಹರಿವೆಯೂ ಅಷ್ಟೇ, ಮೂಲಂಗಿ 40ರಿಂದ 45, ಬೆಂಡೆ ಮೊದಲ ಕೊಯ್ಲಿಗೆ 45ರಿಂದ 50. ದಸರಾ ರಜೆಯ ಮೊದಲ ದಿನದಿಂದ ಹಿಂದಕ್ಕೆ ಎಣಿಸಿ, ಅಷ್ಟರೊಳಗೆ ಮುಗಿಯದ ಸೊಪ್ಪನ್ನು ಬಿತ್ತಬೇಡಿ. ಆ ಪಾತಿಗೆ ಅವರೆ ಹಾಕಿ: ಜುಲೈ, ಆಗಸ್ಟ್‌ನಲ್ಲಿ ಬಿತ್ತಿದ ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದೇ ಇಲ್ಲ, ರಜೆಯಲ್ಲಿ ಯಾರೂ ನೋಡದಿದ್ದರೂ ಸುಮ್ಮನೆ ಹಬ್ಬುತ್ತಿರುತ್ತದೆ. ಬೇಸಿಗೆ ರಜೆಗೆ ಮುಂಚೆ, ಫೆಬ್ರುವರಿ ಕೊನೆಗೆ ಸೊಪ್ಪಿನ ಬಿತ್ತನೆ ನಿಲ್ಲಿಸಿ. ಏಪ್ರಿಲ್‌ನಲ್ಲಿ ಖಾಲಿ ಪಾತಿಗೆ ನಾಲ್ಕಿಂಚು ತರಗೆಲೆ ಹೊದಿಸಿ ಹೋಗಿ. ನುಗ್ಗೆ, ಕರಿಬೇವು, ಪಪ್ಪಾಯಿಯನ್ನು ಬೇಲಿಯ ಬದಿಗೆ ಹಾಕಿದ್ದರೆ ಮೊದಲ ಬೇಸಿಗೆ ಮಾತ್ರ ವಾರಕ್ಕೊಮ್ಮೆ ನೀರು ಕೊಡಲು ಒಬ್ಬರನ್ನು ಗೊತ್ತು ಮಾಡಬೇಕು.

ಎಲ್ಲ ಪಾತಿಗೂ ಒಂದೇ ದಿನ ಮೆಂತ್ಯ ಬಿತ್ತುವುದು ಸಾಮಾನ್ಯ ತಪ್ಪು. ಒಂದೇ ವಾರ ರಾಶಿ ಸೊಪ್ಪು, ಆಮೇಲೆ ತಿಂಗಳು ಪೂರ್ತಿ ಏನೂ ಇಲ್ಲ. ಹತ್ತು ದಿನಕ್ಕೊಂದು ಪಾತಿಯಂತೆ ಬಿತ್ತಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆಯನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಅರ್ಕಾ ಅನಾಮಿಕಾ ಬೆಂಡೆ ಹೈಬ್ರಿಡ್ ಅಲ್ಲ, ಎರಡು ಕಾಯಿ ಗಿಡದಲ್ಲೇ ಒಣಗಲು ಬಿಟ್ಟರೆ ಮುಂದಿನ ವರ್ಷದ ಬೀಜ ಸಿಗುತ್ತದೆ. ಹಳೆಯ ಬೀಜವಾದರೆ ನೂರು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಮೊಳೆತಷ್ಟೇ ಶೇಕಡಾ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡದೆ ಬಿತ್ತಿದರೆ ತಡವಾಗಿ, ಅಲ್ಲೊಂದು ಇಲ್ಲೊಂದು ಹುಟ್ಟುತ್ತದೆ.

ಕಾಂಪೋಸ್ಟಿಗೆ ಮೂರು ಪಾಲು ಒಣ ಎಲೆ, ಒಂದು ಪಾಲು ಅಡುಗೆಮನೆಯ ಹಸಿ ಕಸ. ರಾಶಿ ಮೂರಡಿ ಉದ್ದ, ಅಗಲ, ಎತ್ತರಕ್ಕಿಂತ ಚಿಕ್ಕದಿದ್ದರೆ ಒಳಗೆ ಶಾಖ ನಿಲ್ಲುವುದಿಲ್ಲ. ಕೊಳೆತ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ: ಒಣ ಎಲೆ ಸೇರಿಸಿ, ತಿರುವಿ ಹಾಕಿ. ಜೀವಾಮೃತವನ್ನು ಎಕರೆಗೆ ಹೇಳುವ 200 ಲೀಟರಿನ ಅಳತೆಯ ಹತ್ತನೇ ಒಂದು ಪಾಲು ಮಾಡಿದರೂ ಸಾಕಷ್ಟಾಯಿತು: 20 ಲೀಟರ್ ನೀರು, ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕದಡಿ, ಎರಡು ದಿನ ಬಿಟ್ಟು, ವಾರದೊಳಗೆ ಬಳಸಿ. ಇದನ್ನು ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ಅಡುಗೆಮನೆಗೆ ಬರುವಂತಿಲ್ಲ. ಕೊಯ್ಲಿಗೆ ಬಂದ ಸೊಪ್ಪಿನ ಮೇಲೆ ಚಿಮುಕಿಸಲೂ ಬೇಡಿ.

ಮಗುವಿಗೊಂದು ಪಾತಿ ಎಂಬ ಹಂಚಿಕೆ ಕೇಳಲು ಚೆಂದ. ಆದರೆ ಮಗು ಜ್ವರ ಬಂದು ಒಂದು ವಾರ ಮಲಗಿದರೆ ಪಾತಿಯೂ ಒಣಗುತ್ತದೆ, ಮರಳಿ ಬಂದ ಮಗುವಿಗೆ ಅದೊಂದು ಸಂಕಟ. ಆರು, ಏಳು, ಎಂಟನೇ ತರಗತಿಯಿಂದ ಒಬ್ಬಿಬ್ಬರಂತೆ ಸೇರಿಸಿ ನಾಲ್ಕೈದು ಮಕ್ಕಳಿಗೆ ಒಂದು ಪಾತಿ ಕೊಡುವುದು ಲೇಸು.

ಮರಗೆಲಸ

ಕೌಶಲದ ದೃಷ್ಟಿಯಿಂದ ಇಲ್ಲಿ ಹೇಳುವ ಐದು ಕೆಲಸಗಳಲ್ಲಿ ಇದೇ ಗಟ್ಟಿ. ಮರ ಸುಳ್ಳು ಒಪ್ಪುವುದಿಲ್ಲ, ಎರಡು ಮಿಲಿಮೀಟರ್ ತಪ್ಪಿದರೆ ಕುರ್ಚಿ ಕುಂಟುತ್ತದೆ. ಆದರೆ ಒಮ್ಮೆಗೆ ಎಂಟು ಮಕ್ಕಳಿಗಿಂತ ಹೆಚ್ಚು ಆಗದು, ಪಕ್ಕದಲ್ಲಿ ಬಲ್ಲವರು ನಿಂತಿರಲೇಬೇಕು. ಯೂಟ್ಯೂಬ್ ನೋಡಿ ಕಲಿತ ಟೀಚರ್ ಒಬ್ಬರನ್ನೇ ನಂಬಿ ಶುರು ಮಾಡುವುದಕ್ಕಿಂತ ಊರಿನ ಬಡಗಿಯನ್ನು ಗೌರವಧನ ಕೊಟ್ಟು ಕರೆಸುವುದು ಸಾವಿರ ಪಾಲು ಮೇಲು. ಮಕ್ಕಳು ಅವರನ್ನು ಸರ್ ಎಂದೇ ಕರೆಯಲಿ.

ಎಂಟು ಮಕ್ಕಳಿಗೆ ನಾಲ್ಕು ಸಣ್ಣ ಹಲ್ಲಿನ ಗರಗಸ, ನಾಲ್ಕು ಮೂಲೆಮಟ್ಟ, 12 ಮತ್ತು 18 ಮಿಲಿಮೀಟರಿನ ಉಳಿ ಎರಡೆರಡು, ಕೊಡತಿ ಎರಡು, ಕೀಸುಳಿ ಎರಡು, ಕೈ ಡ್ರಿಲ್ ಎರಡು, ಸಿ-ಕ್ಲ್ಯಾಂಪ್ ಎಂಟು. ಕ್ಲ್ಯಾಂಪಿನಲ್ಲಿ ಜಿಪುಣತನ ಬೇಡ: ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದರಲ್ಲಿ ಉಳಿ ಹೊಡೆಯುವಾಗಲೇ ಕೈ ಕುಯ್ಯುವುದು. ಮೇಜಿನ ಎತ್ತರ 70ರಿಂದ 75 ಸೆಂಟಿಮೀಟರ್. ಕರೆಂಟಿನ ಗರಗಸ ಈ ವಯಸ್ಸಿಗೆ ಬೇಡವೇ ಬೇಡ.

ಮರಕ್ಕೆ ಸಿಲ್ವರ್ ಓಕ್, ಹಲಸು ಚೆನ್ನ. ಪ್ಯಾಕಿಂಗ್ ಪ್ಯಾಲೆಟ್ ಅಗ್ಗವಾಗಿ ಸಿಗುತ್ತದೆ, ತರುವ ಮುಂಚೆ ಮುದ್ರೆ ನೋಡಿ: ಎಚ್‌ಟಿ ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು, ಬಳಸಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಬಿಟ್ಟುಬಿಡಿ. ಮೊಳೆಗಳನ್ನೆಲ್ಲ ಕಿತ್ತ ಮೇಲೆಯೇ ಗರಗಸ.

ಮರಗೆಲಸ ಶುರುವಾದ ವರ್ಷದ ಮೊದಲ ಕೆಲಸ ಊಟದ ಮಣೆ. ಪಂಕ್ತಿಗೆ ಐವತ್ತು ಬೇಕು, ಎಲ್ಲರೂ ದಿನಾ ಅದರ ಮೇಲೇ ಕೂರುತ್ತಾರೆ, ಅಲುಗಾಡಿದರೆ ಮಾಡಿದವರ ಹೆಸರು ಕೂಗುತ್ತಾರೆ. 45 ಸೆಂಟಿಮೀಟರ್ ಉದ್ದ, 28 ಅಗಲ, 20 ಮಿಲಿಮೀಟರ್ ದಪ್ಪದ ಹಲಗೆ. ಅಡಿಯಲ್ಲಿ ಅಡ್ಡಲಾಗಿ 5 ಸೆಂಟಿಮೀಟರ್ ಎತ್ತರದ ಎರಡು ಪಟ್ಟಿ. ಗೆರೆಯ ಮೇಲೆ ಕೊಯ್ಯದೆ, ಬಿಸಾಡುವ ಭಾಗದ ಕಡೆ ಗೆರೆಗೆ ತಾಗಿ ಕೊಯ್ಯಬೇಕು. ಗರಗಸವನ್ನು ಮೊದಲು ಎರಡು ಮೂರು ಸಲ ತಮ್ಮತ್ತ ಎಳೆದು ಗೀರು ಮಾಡಿಕೊಂಡರೆ ಆಮೇಲೆ ಜಾರುವುದಿಲ್ಲ. ಪ್ರತಿ ಪಟ್ಟಿಗೆ ಮೂರು ಸ್ಕ್ರೂ: ನಡುವಿನದು ಬಿಗಿ, ಆಚೀಚಿನ ಎರಡಕ್ಕೆ ಹಲಗೆಯಲ್ಲಿ ತೂತು ಸ್ಕ್ರೂಗಿಂತ ತುಸು ದೊಡ್ಡದು. ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೂರನ್ನೂ ಬಿಗಿದು ಅಂಟು ಹಾಕಿದ ಮಣೆ ಮಾರ್ಚ್‌ಗೆ ಸೀಳಿರುತ್ತದೆ. ಸ್ಯಾಂಡ್‌ಪೇಪರ್ 80, 120, 180ರ ಕ್ರಮದಲ್ಲಿ, ನಾರಿನ ದಿಕ್ಕಿಗೆ. ಕೊನೆಗೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ, ಹೊರಗೆ ಬಿಡಿಸಿ ಒಣಗಹಾಕಿ.

ಕೌದಿ, ಕಸೂತಿ

ಜಾಗ ಇಲ್ಲದ ಶಾಲೆಗೆ, ಜುಲೈ ಮಳೆಗೆ ಇದೇ ಸೈ. ಖರ್ಚು ಸೂಜಿ ದಾರದ್ದಷ್ಟೇ. ಉತ್ತರ ಕರ್ನಾಟಕದ ಮನೆಮನೆಯಲ್ಲಿ ಕೌದಿ ಇದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಮೂಲೆಯಿಂದ ಶುರು ಮಾಡಿ, ಅಂಚಿನುದ್ದಕ್ಕೂ ತುಂಡು ಕೂರಿಸುತ್ತ, ಸುತ್ತು ಸುತ್ತಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ತ್ರಿಕೋನದ ಹೂ. ಶಾಲೆಗೆ ಈ ಕ್ರಮ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಆರು ಮಕ್ಕಳು ಸುತ್ತ ಕೂತು ಒಟ್ಟಿಗೆ ಹೊಲಿಯಬಹುದು. ಕೈ ಕೆಲಸದಲ್ಲಿದ್ದಾಗ ಬಾಯಿ ಬಿಡುವಾಗಿರುತ್ತದೆ, ತರಗತಿಯಲ್ಲಿ ಮಾತೇ ಆಡದ ಮಗು ಇಲ್ಲಿ ಮಾತಿಗೆ ಇಳಿಯುತ್ತದೆ.

150ಕ್ಕೆ 200 ಸೆಂಟಿಮೀಟರಿನ ಕೌದಿಗೆ ನಾಲ್ಕೈದು ಪದರ ತೊಳೆದ ಹಳೆಯ ಹತ್ತಿ ಸೀರೆ, ಪಂಚೆ. ಪಾಲಿಯೆಸ್ಟರ್ ಜಾರುತ್ತದೆ, ಬೆವರು ಹೀರುವುದಿಲ್ಲ. ಪದರಗಳು ಸರಿಯದಂತೆ ಮೊದಲು ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಬೆರಳಗಲದ ಅಂತರದಲ್ಲಿ ಪಕ್ಕಾ. ದಾರ ಒಂದು ತೋಳಿನುದ್ದಕ್ಕಿಂತ ಹೆಚ್ಚಿದ್ದರೆ ಗಂಟು ಬೀಳುತ್ತದೆ. ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳಿ, ಒಂದು ಕಮ್ಮಿಯಾದರೂ ಸಿಗುವವರೆಗೆ ಯಾರೂ ಏಳಬಾರದು. ಮುಗಿದ ಕೌದಿ ಗ್ರಂಥಾಲಯದ ನೆಲಕ್ಕೆ, ಹುಷಾರಿಲ್ಲದ ಮಕ್ಕಳು ಮಲಗುವ ಕೋಣೆಗೆ.

ಧಾರವಾಡದ ಕಸೂತಿಯನ್ನು ಎಂಟನೇ ತರಗತಿಗೆ ಶಿಫಾರಸು ಮಾಡುತ್ತೇವೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆ, ಎಳೆ ಎಣಿಸಿಯೇ ಹಾಕಬೇಕು, ಗಂಟು ಇಲ್ಲ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಮರಳುವಾಗ ಖಾಲಿ ತುಂಬಿಸುವುದರಿಂದ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಸಾಗುತ್ತದೆ. ಹಾಗಾಗಿ ಬಿಡಿಯಾಗದ ಯಾವ ವಿನ್ಯಾಸವನ್ನೂ ದಾರ ಕತ್ತರಿಸದೆ, ಶುರು ಮಾಡಿದ ಜಾಗಕ್ಕೇ ಬಂದು ಮುಗಿಸಬಹುದು. ಏಕೆ ಎಂದು ಚೌಕುಳಿ ಹಾಳೆಯಲ್ಲಿ ಮಕ್ಕಳೇ ಗೆರೆ ಎಳೆದು ಕಂಡುಕೊಳ್ಳಲಿ.

ಸೈಕಲ್

ಹತ್ತು ಮಕ್ಕಳಾದರೂ ಸೈಕಲ್‌ನಲ್ಲಿ ಬರುವ ಶಾಲೆಗೆ ಮಾತ್ರ. 8ರಿಂದ 15ರವರೆಗಿನ ಸ್ಪ್ಯಾನರ್, ಟಯರ್ ಲಿವರ್, ಪಂಪು, ಪ್ಯಾಚು, ಸಲ್ಯೂಷನ್, ಒಂದು ಬಕೆಟ್ ನೀರು. ಪಂಚರ್ ಹಾಕಿದ ಟ್ಯೂಬು ಮತ್ತೆ ಅದೇ ಜಾಗದಲ್ಲಿ ಗಾಳಿ ಬಿಟ್ಟರೆ ಟಯರಿನೊಳಗಿನ ಜಾಲಿಮುಳ್ಳು ತೆಗೆದಿಲ್ಲ ಎಂದೇ ಅರ್ಥ. ಬಟ್ಟೆ ಹಿಡಿದು ಒಳಗೆಲ್ಲ ಸವರಿ ನೋಡಬೇಕು. ಸಲ್ಯೂಷನ್ ತೆಳ್ಳಗೆ ಹಚ್ಚಿ ಐದು ನಿಮಿಷ ಒಣಗಲು ಬಿಡದೆ ಪ್ಯಾಚ್ ಒತ್ತಿದರೆ ಹಿಡಿಯುವುದಿಲ್ಲ. ಎಡ ಪೆಡಲಿನ ತಿರುಪು (ಥ್ರೆಡ್) ಉಲ್ಟಾ ಎಂಬುದನ್ನು ಬೋರ್ಡ್ ಮೇಲೆ ಬರೆದಿಡಿ. ವಾರಕ್ಕೊಂದು ಮಧ್ಯಾಹ್ನ ಸಾಕು.

ಗುಂಪು, ಗುಡಿಸುವುದು, ಸಭೆ

ಯಾವ ಕೆಲಸ ಆರಿಸಿದರೂ ಗುಂಪು ಹೇಗೆ ಮಾಡುತ್ತೀರಿ ಎಂಬುದು ಅಷ್ಟೇ ಮುಖ್ಯ. ತರಗತಿವಾರು ಗುಂಪು ವೇಳಾಪಟ್ಟಿಗೆ ಸುಲಭ, ಆದರೆ ಆರನೆಯವರಿಗೆ ಪ್ರತಿವರ್ಷ ಎಲ್ಲ ಹೊಸದು. ಮೂರೂ ತರಗತಿ ಬೆರೆತ ಗುಂಪಿನಲ್ಲಿ ದೊಡ್ಡವರು ಚಿಕ್ಕವರಿಗೆ ಕಲಿಸುತ್ತಾರೆ, ಎಂಟನೆಯವರು ಹೋದಾಗಲೂ ಕೆಲಸ ಗೊತ್ತಿರುವ ಎರಡು ತಂಡ ಉಳಿದಿರುತ್ತದೆ. ಬೆರೆತ ಗುಂಪಿನ ತೊಂದರೆ ಒಂದು: ದೊಡ್ಡ ಮಕ್ಕಳು ಹುಕುಂ ಚಲಾಯಿಸಲು ಶುರು ಮಾಡುತ್ತಾರೆ. ತಿಂಗಳಿಗೊಮ್ಮೆ ಆರನೆಯವರಿಗೆ ಮುಖ್ಯಸ್ಥರ ಸರದಿ ಕೊಟ್ಟರೆ ಅದು ತಗ್ಗುತ್ತದೆ.

ಗುಡಿಸುವುದು, ಒರೆಸುವುದು ದಿನಕ್ಕೆ 20 ನಿಮಿಷ, ಟೀಚರುಗಳೂ ಪೊರಕೆ ಹಿಡಿಯಬೇಕು. ಹಿಡಿಯದಿದ್ದರೆ ಅದು ಸಹಬಾಳ್ವೆ ಅಲ್ಲ, ಚಾಕರಿ. ತಡವಾಗಿ ಬಂದವರಿಗೆ ಶಿಕ್ಷೆಯಾಗಿ ಗುಡಿಸುವ ಕೆಲಸ ಕೊಟ್ಟ ದಿನವೇ ಇಡೀ ವ್ಯವಸ್ಥೆ ಕೆಡುತ್ತದೆ. ಶೌಚಾಲಯ ತೊಳೆಯುವುದನ್ನು ಮಕ್ಕಳಿಗೆ ಹಚ್ಚಬೇಡಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣದ ನಂತರ ಇಂಥ ಕೆಲಸಕ್ಕೆ ಮಕ್ಕಳನ್ನು ಬಳಸಬಾರದೆಂದು ಶಿಕ್ಷಣ ಇಲಾಖೆ ಸ್ಪಷ್ಟ ಸೂಚನೆ ಕೊಟ್ಟಿದೆ. ನಮ್ಮ ಸಮಾಜದಲ್ಲಿ ಆ ಕೆಲಸವನ್ನು ಯಾರ ಮೇಲೆ ಹೇರಲಾಗಿತ್ತು ಎಂಬುದು ನೆನಪಿದ್ದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಶುಕ್ರವಾರ 40 ನಿಮಿಷದ ಸಭೆ, ಸುತ್ತಲೂ ಕೂತು. ಬಾಗಿಲಿಗೆ ನೇತುಹಾಕಿದ ಪುಸ್ತಕದಲ್ಲಿ ವಾರವಿಡೀ ಯಾರು ಬೇಕಾದರೂ ವಿಷಯ ಬರೆಯಬಹುದು. ಅಧ್ಯಕ್ಷತೆ ಮಕ್ಕಳದು, ವಾರಕ್ಕೊಬ್ಬರು. ಸಭೆ ಕೆಡುವುದು ಅದು ಕೋರ್ಟಾದಾಗ: ಒಬ್ಬ ಮಗುವಿನ ಮೇಲೆ ಹತ್ತು ದೂರು. ಮೊದಲು ಆ ಮಗುವಿಗೇ ಖುದ್ದಾಗಿ ಹೇಳದ ದೂರನ್ನು ಸಭೆಗೆ ತರುವಂತಿಲ್ಲ ಎಂಬ ನಿಯಮ ಬೇಕು. ಸಂಬಳ, ಶುಲ್ಕ, ದಾಖಲಾತಿಯಂಥ ಮಕ್ಕಳ ಕೈಯಲ್ಲಿಲ್ಲದ ವಿಷಯವನ್ನು ಚರ್ಚೆಗಿಟ್ಟು ಆಮೇಲೆ ದೊಡ್ಡವರೇ ಬೇರೆ ತೀರ್ಮಾನ ಮಾಡಿದರೆ ಮಕ್ಕಳು ಮತ್ತೆ ಬಾಯಿ ಬಿಡುವುದಿಲ್ಲ. ಹೋದ ವಾರದ ತೀರ್ಮಾನ ಏನಾಯಿತು ಎಂದು ಓದಿಯೇ ಹೊಸದಕ್ಕೆ ಹೋಗಿ.

ಮಗುವನ್ನು ಸೇರಿಸಲು ಬಂದ ಪೋಷಕರಿಗೆ

ಶಾಲೆ ನೋಡಲು ಶನಿವಾರದ ಕಾರ್ಯಕ್ರಮಕ್ಕೆ ಹೋಗಬೇಡಿ, ಮಾಮೂಲಿ ಮಂಗಳವಾರ ಹನ್ನೊಂದಕ್ಕೆ ಹೋಗಿ. ಉಪಕರಣಗಳ ಹಿಡಿ ನೋಡಿ: ದಿನಾ ಬಳಸಿದ್ದು ಬೆವರಿನಿಂದ ನಯವಾಗಿ ಕಪ್ಪಾಗಿರುತ್ತದೆ. ಉಪ್ಪಿನ ಡಬ್ಬಿ ಎಲ್ಲಿದೆ, ಇವತ್ತು ಯಾರ ಸರದಿ ಎಂದು ಒಂದು ಮಗುವನ್ನು ಕೇಳಿ. ಕಳೆದ ಸಲ ಯಾರಿಗಾದರೂ ಕೈ ಕುಯ್ದಾಗ ಏನು ಮಾಡಿದಿರಿ ಎಂದು ಟೀಚರನ್ನು ಕೇಳಿ. ಯಾರಿಗೂ ಯಾವತ್ತೂ ಏನೂ ಆಗಿಲ್ಲ ಎಂದರೆ ಕೆಲಸವೇ ನಡೆಯುತ್ತಿಲ್ಲ, ಅಥವಾ ಹೇಳುತ್ತಿಲ್ಲ.

ಕಾಗದಪತ್ರವನ್ನೂ ಅಂದೇ ಕೇಳಿಬಿಡಿ. ಶಾಲೆಗೆ ಮಾನ್ಯತೆ ಇದೆಯೇ, ಯೂಡೈಸ್ ಕೋಡ್ (ಪ್ರತಿ ಶಾಲೆಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಏನು, ಮಗುವಿನ ಹೆಸರು ಸ್ಯಾಟ್ಸ್‌ನಲ್ಲಿ (ರಾಜ್ಯ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸೇರುತ್ತದೆಯೇ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳುವ ಶಿಕ್ಷಣ ಹಕ್ಕು ಕಾಯ್ದೆಯ ಅನುಕೂಲ ಎಂಟನೇ ತರಗತಿವರೆಗೆ ಮಾತ್ರ. ಎಂಟಕ್ಕೇ ಮುಗಿಯುವ ಶಾಲೆಯಿಂದ ಒಂಬತ್ತಕ್ಕೆ ಹೋಗುವಾಗ ವರ್ಗಾವಣೆ ಪತ್ರ ಬೇಕೇ ಬೇಕು. ಹಿಂದಿನ ಎರಡು ವರ್ಷ ಇಲ್ಲಿಂದ ಹೊರಟ ಮಕ್ಕಳು ಯಾವ ಹೈಸ್ಕೂಲಿಗೆ ಸೇರಿದರು ಎಂದು ಕೇಳಿ, ಸಾಧ್ಯವಾದರೆ ಅವರಲ್ಲಿ ಒಬ್ಬರ ಮನೆಯವರ ಬಳಿ ಮಾತಾಡಿ ಬನ್ನಿ.